ಪಾಲಿಕೆನೇ ಮನಿಮನಿಗೆ ಇಂಟರ್ನೆಟ್ ಕೊಟ್ರ ಹೆಂಗ? ಬೆಳಗಾವಿ, ವಿಜಯಪುರ, ಬಾಗಲಕೋಟಿ ಮಂದಿ ಹೇಳ್ರಿ

ವಡಗಾವಿ_ಮಾಸ್ತರ
ನಮಸ್ಕಾರ್ರಿ ಎಲ್ಲಾರಿಗೂ. ನಾ ವಡಗಾವಿ ಕಡೆ ಸಂಜಿಕ ಟ್ಯೂಷನ್ ಹೇಳ್ತೀನಿ, ಬರೋ ಹುಡುಗೂರು ಹೆಚ್ಚಿನವ್ರು ಮಗ್ಗದ ಮನಿಯವ್ರು. ಮನ್ಯಾಗ ಇರೂದ ಒಂದ ಸ್ಮಾರ್ಟ್‌ಫೋನು, ಅದು ಅಪ್ಪನ ಕಿಸೇದಾಗ. ಅಂವ ಪಾಳಿ ಮುಗಿಸಿ ರಾತ್ರಿ ಬಂದ ಮ್ಯಾಲ ಹುಡುಗಿ ಕೈಗೆ ಫೋನ್ ಸಿಗತೈತಿ, ಅಷ್ಟೊತ್ತಿಗೆ ದಿನದ ಒಂದೂವರಿ ಜಿಬಿ ರೀಲ್ಸ್‌ನಾಗ ಖಾಲಿ. ಆಮ್ಯಾಲ 64 ಕೆಬಿಪಿಎಸ್. ಸಾಲಿ ಗ್ರೂಪಿನ್ಯಾಗ ಬಂದ ನೋಟ್ಸ್ ಪಿಡಿಎಫ್ ಒತ್ತಿದ್ರ ಗುಂಡಂದು ತಿರಗತೈತಿ, ತಿರಗತೈತಿ, ಹುಡುಗಿ ಹಂಗ ನಿದ್ದಿ ಹೋಗ್ತಾಳ. ಮರುದಿನ ನನ್ನ ಮುಂದ "ಸರ ಬರಲೇ ಇಲ್ರಿ" ಅಂತ ನಿಲ್ತಾಳ. ಏನ್ ಅನ್ಲಿ ಅಕಿಗೆ?

ಈಗ ವಿಷಯಕ್ಕ ಬರ್ತೀನಿ. ಅಮೆರಿಕಾದ ಟೆನೆಸ್ಸಿ ರಾಜ್ಯದಾಗ ಚಟನೂಗಾ ಅಂತ ಊರೈತಿ. ಅಲ್ಲಿ ಊರಿನದ ಸ್ವಂತ ಕರೆಂಟ್ ಸಂಸ್ಥೆ ಇಪಿಬಿ ಅಂತ, ಅವ್ರು ಊರ್ ತುಂಬ ಫೈಬರ್, ಅಂದ್ರ ಗಾಜಿನ ಎಳಿ ವೈರ್, ಎಳದು 2010ರಾಗ ಮನಿಗೆ 1 ಗಿಗಾಬಿಟ್ (1000 ಎಂಬಿಪಿಎಸ್) ವೇಗದ ಇಂಟರ್ನೆಟ್ ಕೊಟ್ರು. 2020ರಾಗ ಕೋವಿಡ್ ಬಂದಾಗ ಸಾಲಿಯವ್ರ ಜೋಡಿ ಸೇರಿ ಬಡ ಮಕ್ಕಳ ಮನಿಗೆ 100 ಎಂಬಿಪಿಎಸ್ ಪುಕ್ಕಟ ಮಾಡಿದ್ರು, ಸುಮಾರು 28,000 ಮಕ್ಕಳಿಗೆ ಸಿಗೂವಂಗ. ನಮ್ಮ ಬೆಳಗಾವಿ 2016ರ ಮೊದಲನೇ ಪಟ್ಟಿಯ 20 ಸ್ಮಾರ್ಟ್ ಸಿಟಿಯೊಳಗ ಒಂದು. ನಮ್ಮಲ್ಲಿ ಯಾಕ ಆಗಬಾರ್ದು?

ಟಿಳಕವಾಡಿ_ಬಾಂಡ್
ಗಟಾರ ತಗಸೋ ಮಂದಿ ಕೈಯಾಗ ರೂಟರ್ ಕೊಡ್ತೀರೇನ್ರಿ ಮಾಸ್ತರ್ರ 😂

ಗುಮ್ಮಟನಗರಿ
ಬಾಂಡ್ ಅವ್ರು ಹೇಳಿದ್ದು ಖರೆ ಅದ. ಮೊದಲ ಕುಡಿಯೋ ನೀರ ಕೊಡ್ಲಿ, ರೋಡ್ ಮಾಡ್ಲಿ, ಆಮ್ಯಾಲ ವೈಫೈ. ಮತ್ತ ನಮ್ಮ ದೇಶದಾಗ ಡೇಟಾ ಭಾಳ ಸೋವಿ ಅದರಿ, ಅಮೆರಿಕಾದಾಗ ತಿಂಗಳಿಗೆ ಕೊಡೋ ರೊಕ್ಕದಾಗ ಇಲ್ಲಿ ವರ್ಷದ ರೀಚಾರ್ಜ್ ಆಗ್ತದ. ಭಾಜಿ ಮಾರೋ ಅಜ್ಜಿ ಕೈಯಾಗೂ ಫೋನ್ ಅದ. ಬಡವ್ರಿಗೆ ಇಂಟರ್ನೆಟ್ ಇಲ್ಲ ಅನ್ನೂದು ಹತ್ತು ವರ್ಷದ ಹಿಂದಿನ ಮಾತು.

ಖಾಸಬಾಗ_ನೇಕಾರ
@ಗುಮ್ಮಟನಗರಿ ಅಣ್ಣಾರ ಸೋವಿ ಯಾರಿಗ್ರಿ? ಲೆಕ್ಕ ಹಾಕೂಣ ಬರ್ರಿ. ಒಂದೂವರಿ ಜಿಬಿ ಪ್ಲ್ಯಾನು 300-350 ರೂಪಾಯಿ, ಅದೂ ತಿಂಗಳಿಗಲ್ಲ, 28 ದಿನಕ್ಕ. ವರ್ಷಕ್ಕ 12 ಅಲ್ಲ, 13 ರೀಚಾರ್ಜ್. ಮನ್ಯಾಗ ಎರಡು ಸಿಮ್ ಇದ್ರ 8,000 ದಾಟತೈತಿ. ವರ್ಷದ ಪ್ಲ್ಯಾನ್ ಹಾಕಿಸ್ಕೊಂಡ್ರ ಸ್ವಲ್ಪ ಉಳಿತೈತಿ ಅಂತೀರಿ, ಆದ್ರ ಒಮ್ಮೆಲೆ ಮೂರು ಸಾವಿರದ ಮ್ಯಾಲ ಎಲ್ಲಿಂದ ತರೂದು, ನಮಗ ಬಟವಾಡಿ ಆಗೂದ ವಾರಕ್ಕೊಮ್ಮೆ. ನೂಲಿನ ರೇಟ್ ಏರಿ ಮಗ್ಗ ನಿಂತ ವಾರ ಮೊದಲ ನಿಲ್ಲೂದು ರೀಚಾರ್ಜ್, ಎರಡನೇದ್ದು ಗ್ಯಾಸ್.

ಫೋನ್ ಐತಿ ಅಂದ್ರ ಇಂಟರ್ನೆಟ್ ಐತಿ ಅಂತಲ್ರಿ. ಐತಿ, ಆದ್ರ ಬಿಟ್ಟು ಬಿಟ್ಟು ಐತಿ.

ಸ್ಪ್ಲೈಸರ್_ಡಿಪ್ಲೊಮಾ
ನಾ ಇದ ಫೀಲ್ಡಿನ್ಯಾಗ ಕೆಲಸ ಮಾಡ್ತೀನಿ, ಫೈಬರ್ ಜಾಯಿಂಟ್ ಹಾಕೂದು ನನ್ನ ಹೊಟ್ಟಿಪಾಡು. ಮಾಸ್ತರ್ರು ಹೇಳಿದ ಚಟನೂಗಾ ಉದಾಹರಣಿ ಛಲೋ ಐತಿ, ಆದ್ರ ನಮಗ ನೇರ ಹೊಂದೂದಿಲ್ಲ.

ಇಪಿಬಿಯವ್ರು ಫೈಬರ್ ಹಾಕಿದ್ದು ಬರೇ ಇಂಟರ್ನೆಟ್ ಸಲುವಾಗಿ ಅಲ್ಲ, ಕರೆಂಟ್ ಲೈನ್ ಸ್ಮಾರ್ಟ್ ಮಾಡಾಕ. ಗಾಳಿ ಮಳಿಗೆ ಒಂದ್ ಕಡೆ ಲೈನ್ ಹರದ್ರ ಸ್ವಿಚ್ ತಾವ ಮಾತಾಡ್ಕೊಂಡು ಬ್ಯಾರೆ ದಾರೀಲೆ ಕರೆಂಟ್ ತಿರಗಸ್ತಾವ, ಅದಕ್ಕ ಫೈಬರ್ ಬೇಕಿತ್ತು. ಮ್ಯಾಲ ಕೇಂದ್ರ ಸರ್ಕಾರದಿಂದ 11 ಕೋಟಿ ಡಾಲರಿಗೂ ಹೆಚ್ಚು ಅನುದಾನ ಸಿಕ್ತು. ಒಂದ ಖರ್ಚಿನ್ಯಾಗ ಎರಡು ಕೆಲಸ. ನಮ್ಮ ಕಡೆ ಕರೆಂಟ್ ಕೊಡೋ ಕಂಪನಿ ಹೆಸ್ಕಾಂ ಬೆಳಗಾವಿ ಊರಿಂದಲ್ಲ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಹಿಡದು 7 ಜಿಲ್ಲಾದ್ದು. ಪಾಲಿಕೆ ಕೈಯಾಗ ಕಂಬಾನೂ ಇಲ್ಲ, ವೈರೂ ಇಲ್ಲ.

ಎರಡನೇದ್ದು ಲೈಸೆನ್ಸು. ಇಂಟರ್ನೆಟ್ ಮಾರಬೇಕಂದ್ರ ದೂರಸಂಪರ್ಕ ಇಲಾಖೆಯಿಂದ ಐಎಸ್‌ಪಿ ಲೈಸೆನ್ಸ್ ಬೇಕು. ಬರೇ ಪೈಪು ಅಥವಾ ಲೈಟ್ ಹೊತ್ತಿಸದ ಖಾಲಿ ಫೈಬರ್ ಬಾಡಿಗಿ ಕೊಡೂದಿದ್ರ ಐಪಿ-1 ನೋಂದಣಿ ಸಾಕು. ನನ್ ಕೇಳಿದ್ರ ಪಾಲಿಕೆ ಇಷ್ಟ ಮಾಡಬೇಕು. ಸ್ಟಾಕ್‌ಹೋಮ್ ಊರವ್ರು ಸ್ಟೋಕಾಬ್ ಅಂತ ನಗರದ ಕಂಪನಿ 1994ರಾಗ ಮಾಡ್ಕೊಂಡ್ರು, ಖಾಲಿ ಫೈಬರ್ ಎಲ್ಲಾ ಕಂಪನಿಗೂ ಒಂದ ರೇಟಿನ್ಯಾಗ ಬಾಡಿಗಿ ಕೊಡ್ತಾರ, ಗಿರಾಕಿ ಗದ್ದಲ ತಮ್ಮ ತಲಿ ಮ್ಯಾಲ ಹಾಕ್ಕೊಂಡಿಲ್ಲ.

ಟಿಳಕವಾಡಿ_ಬಾಂಡ್
ಅದ ನೋಡ್ರಿ ನಾ ಹೇಳಿದ್ದು. ಅಮೆರಿಕಾದಾಗ ಎಲ್ಲಾ ಊರೂ ಚಟನೂಗಾ ಆಗಿಲ್ಲ. ಯೂಟಾ ರಾಜ್ಯದ ಪ್ರೊವೊ ಅನ್ನೋ ಊರಿನ ಆಡಳಿತ ಸುಮಾರು 4 ಕೋಟಿ ಡಾಲರ್ ಸಾಲ ಮಾಡಿ ಐಪ್ರೊವೊ ಅಂತ ಫೈಬರ್ ಹಾಕಿ, ನಡಸಾಕ ಆಗದ 2013ರಾಗ ಗೂಗಲ್‌ಗೆ 1 ಡಾಲರಿಗೆ ಮಾರಿತು. ಒಂದು ಡಾಲರ್ರಿ! ಸಾಲ ಮಾತ್ರ ಊರ ಮಂದಿ ತಲಿ ಮ್ಯಾಲ. ಫಿಲಡೆಲ್ಫಿಯಾದಾಗ ಊರ್ ತುಂಬ ವೈಫೈ ಮಾಡ್ತೀವಿ ಅಂತ ಹೊಂಟಿದ್ರು, 2008ರಾಗ ಗುತ್ತಿಗಿ ಹಿಡದ ಕಂಪನಿ ಕೈ ಎತ್ತಿತು.

ಮಲೆನಾಡ್_ಟು_ಬೆಂಗಳೂರು
ಅಷ್ಟು ದೂರ ಯಾಕೆ ಹೋಗ್ತೀರಾ, ಪಕ್ಕದ ಕೇರಳ ನೋಡಿ ಸಾರ್. ಕೆ-ಫೋನ್ ಅಂತ ಸರ್ಕಾರನೇ ಮಾಡಿದೆ, ವಿದ್ಯುತ್ ಮಂಡಳಿ ಕಂಬದ ಮೇಲೇನೇ ಫೈಬರ್ ಎಳೆದಿದ್ದಾರೆ, 2023ರ ಜೂನ್ 5ಕ್ಕೆ ಉದ್ಘಾಟನೆ ಆಯ್ತು. 20 ಲಕ್ಷ ಬಡ ಕುಟುಂಬಕ್ಕೆ ಫ್ರೀ. ಅಲ್ಲಿ ಆಗಿದ್ದು ಇಲ್ಲಿ ಯಾಕಾಗಲ್ಲ?

ಸ್ಪ್ಲೈಸರ್_ಡಿಪ್ಲೊಮಾ
20 ಲಕ್ಷ ಅನ್ನೂದು ಗುರಿ, ಕೊಟ್ಟಿದ್ದಲ್ಲ. ಮೊದಲನೇ ಹಂತಕ್ಕ ಇಟ್ಟಿದ್ದು ಒಂದು ವಿಧಾನಸಭಾ ಕ್ಷೇತ್ರಕ್ಕ 100 ಮನಿ, ಅಂದ್ರ 14,000. ಉದ್ಘಾಟನಿ ದಿನಕ್ಕ ಅವೂ ಪೂರ್ತಿ ಆಗಿರಲಿಲ್ಲ. ಆದ್ರೂ ಅವ್ರು ಮಾಡಿದ ಒಂದು ಕೆಲಸ ಮೆಚ್ಚಬೇಕು, ಕೆಎಸ್‌ಇಬಿ ಕಂಬ ಬಳಸಿದ್ರು, ರೋಡ್ ಅಗಿಯೂ ಖರ್ಚ ಉಳಿತು. ಫೈಬರಿನ ವೈರ್ ಏನೂ ತುಟ್ಟಿ ಅಲ್ರಿ, ತುಟ್ಟಿ ಇರೂದು ನೆಲ ಅಗಿಯೂದು, ಮತ್ತ ಅಗದದ್ದು ಮುಚ್ಚೂದು.

ಮಲೆನಾಡ್_ಟು_ಬೆಂಗಳೂರು
ಸರಿ, ಗುರಿ ಅಂತನೇ ಇಟ್ಕೊಳ್ಳಿ, ನಮ್ಮಲ್ಲಿ ಗುರಿನೂ ಇಲ್ವಲ್ಲ ಸಾರ್.

ಸೆಕ್ಟರ್_ಹುಡುಗ_ಬಾಗಲಕೋಟಿ
ಅಗಿಯೂ ಮಾತು ಬಂತಲ್ಲ, ಅದಕ್ಕ ಹೇಳ್ತೀನಿ. ನಮ್ಮ ನವನಗರ ಕಾಗದದ ಮ್ಯಾಲ ಗೆರಿ ಹೊಡದು ಕಟ್ಟಿದ ಊರು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟಿ ಮುಳುಗ್ತೈತಿ ಅಂತ ಸೆಕ್ಟರ್ ಸೆಕ್ಟರ್ ಮಾಡಿ ನಮ್ಮನ್ನ ತಂದ್ ಇಲ್ಲಿ ಕುಂದ್ರಿಸಿದ್ರು. ರೋಡ್ ಹಾಕುವಾಗ ಬಾಜೂಕ ಒಂದು ಖಾಲಿ ಪೈಪ್ ಹುಗದಿದ್ರ ಈಗ ಯಾವ ಕಂಪನಿ ಬಂದ್ರೂ ವೈರ್ ತೂರಿಸ್ಕೊಂಡು ಹೋಗ್ತಿತ್ತು. ಅವಾಗ ಯಾರಿಗೂ ಹೊಳಿಲಿಲ್ಲ, ಹೋಗ್ಲಿ. ಈಗ ಹೊಸಾ ಪುನರ್ವಸತಿ ಕಾಲನಿ ಮಾಡೂದು ಐತಲ್ಲ, ಆಣೆಕಟ್ಟು 519.60ರಿಂದ 524.256 ಮೀಟರಿಗೆ ಏರಿಸಿದ್ರ ಮತ್ತ ಎಷ್ಟೋ ಮಂದಿ ಎದ್ದು ಬರಬೇಕು, ಪರಿಹಾರದ ರೇಟ್ ಬಗ್ಗೆ ಇನ್ನೂ ಸಮಾಧಾನ ಇಲ್ಲ, ಕೃಷ್ಣಾ ನೀರಿನ ಟ್ರಿಬ್ಯುನಲ್ ತೀರ್ಪು ಬಂದದ್ದು 2010ರಾಗ, ಅವಾಗಿಂದ...

ಟಿಳಕವಾಡಿ_ಬಾಂಡ್
ಬಾಗಲಕೋಟಿ ಮಂದಿ ಮದಿವಿ ಮಾತಾಡಿದ್ರೂ ಕಡೀಕ 524ಕ್ಕ ಬಂದ್ ನಿಲ್ತಾರ

ಸೆಕ್ಟರ್_ಹುಡುಗ_ಬಾಗಲಕೋಟಿ
ನಿಮ್ಮ ಮನಿ ಮುಳುಗಿದ್ರ ಗೊತ್ತಾಗತಿತ್ತು ಸಾಹೇಬ್ರ

ನಿರ್ವಾಹಕ
ಆಲಮಟ್ಟಿಗೆ ಬ್ಯಾರೆ ಚರ್ಚಾ ಐತಿ, ಅಲ್ಲಿ ಬರೀರಿ. ಗಡಿ ವಿಷಯ ಯಾರರ ತಗದ್ರ ನೇರ ಅಳಸ್ತೀನಿ, ಮೊದಲ ಹೇಳಿರ್ತೀನಿ.

ಇಲಕಲ್ಲ_ಅಕ್ಕ
ಎಲ್ಲಾ ಗಂಡಸೂರು ಫೈಬರ್ ಕಂಬ ಅಂತ ಮಾತಾಡಾಕ್ಹತ್ತೀರಿ, ಮನಿ ಒಳಗಿಂದು ನಾ ಹೇಳ್ತೀನಿ ಕೇಳ್ರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಾಗ ಒಮ್ಮೆಯಾದ್ರೂ ಇಂಟರ್ನೆಟ್ ಬಳಸಿದ ಹೆಣ್ಣುಮಕ್ಕಳು 100ಕ್ಕ 33, ಗಂಡಸೂರು 57. ಯಾಕ? ಸಿಮ್ ಇರೂದು ಗಂಡಸಿನ ಹೆಸರಿಗೆ, ರೊಕ್ಕ ಹಾಕೂದು ಗಂಡಸು, ಹೊರಗ ಹೋಗುವಾಗ ಒಯ್ಯೂದು ಗಂಡಸು. 2023ರಾಗ ಗೃಹಲಕ್ಷ್ಮಿ ಅರ್ಜಿ ಹಾಕುವಾಗ ನೆನಪೈತಿಲ್ಲ? ಅರ್ಜಿ ಹೆಣ್ಣುಮಕ್ಕಳದು, ಒಟಿಪಿ ಬರೂದು ಗಂಡನ ಫೋನಿಗೆ, ಅಂವ ಕಲ್ಲಿನ ಕ್ವಾರಿಗೆ ಹೋಗಿರ್ತಾನ. ನಮ್ಮ ಓಣಿ ಹೆಣ್ಣುಮಕ್ಕಳು ಸೇವಾ ಕೇಂದ್ರದ ಮುಂದ ಕುಂತು ಕ್ವಾರಿಗೆ ಫೋನ್ ಮಾಡಿ "ಏನ್ ನಂಬರ್ ಬಂತು ಹೇಳ್ರಿ ಲಗೂನ" ಅಂತ ಒದರೂದು, ಅಂವ ಹೇಳೂದ್ರಾಗ ಟೈಮ್ ಮುಗದು ಹೋಗೂದು, ಮತ್ತ ಹೊಸಾ ಒಟಿಪಿ, ಮತ್ತ ಒದರೂದು.

ಮನಿ ಗ್ವಾಡಿಗೆ ರೂಟರ್ ಹಾಕಿದ್ರ ಅದು ಯಾರ ಕಿಸೇದಾಗೂ ಹೋಗೂದಿಲ್ಲ. ಸೀರಿ ನೇಯೋ ಹೆಣ್ಣುಮಗಳು ಹಳೇ ಒಡದ ಪರದಿ ಫೋನಿನ್ಯಾಗ, ಸಿಮ್ ಇಲ್ಲದಿದ್ರೂ, ತಾ ನೇಯ್ದ ಟೋಪ್ ತೆನಿ ಸೆರಗಿನ ಫೋಟೋ ತಾನ ಗಿರಾಕಿಗೆ ಕಳಸಬಹುದು. ದಲ್ಲಾಳಿಗೆ ಯಾಕ ಕಳಸಬೇಕು? ನನಗ ಅದಕ್ಕ ಮೊಬೈಲ್ ಡೇಟಾಕ್ಕಿಂತ ಮನಿ ಲೈನ್ ಮುಖ್ಯ ಅನಸ್ತೈತಿ.

ಖಾಸಬಾಗ_ನೇಕಾರ
ಅಕ್ಕಾರ ಹೇಳಿದ್ದಕ್ಕ ಕೈ ಮುಗದೆ.

ಗುಮ್ಮಟನಗರಿ
ಅಕ್ಕಾರ ಮಾತು ಒಪ್ಪಿದೆ. ಆದ್ರ ಪುಕ್ಕಟ ಕೊಟ್ರ ರೀಲ್ಸು, ಆನ್‌ಲೈನ್ ಜೂಜು ಹೆಚ್ಚಾಗ್ತದಲ್ರಿ? ನಮ್ಮ ಸಂಬಂಧಿಕರ ಪೈಕಿ ಒಬ್ಬಂವ ಕ್ರಿಕೆಟ್ ಬೆಟ್ಟಿಂಗಿನ್ಯಾಗ ಎಮ್ಮಿ ಮಾರಿದ.

ಇಲಕಲ್ಲ_ಅಕ್ಕ
ಶ್ರೀಮಂತರ ಮನಿ ವೈಫೈದಾಗ ಬರೇ ಪ್ರವಚನ ಕೇಳ್ತಾರೇನ್ರಿ ಅಣ್ಣಾರ

ಕೇಬಲ್_ಅಣ್ಣ
ಸುಮ್ನಿರಬೇಕು ಅಂತಿದ್ದೆ, ಆಗಲಿಲ್ಲ. ನಾ 1990ರ ದಶಕದಿಂದ ಕೇಬಲ್ ನಡಸ್ತೀನಿ, ಡಿಶ್ ಕಾಲದಿಂದ. ಟಿವಿ ಕೇಬಲ್ ಹೋತು, ಈಗ ಫೈಬರ್ ಇಂಟರ್ನೆಟ್ಟಿನ ಮ್ಯಾಲ ಬದುಕಾಕ್ಹತ್ತೀನಿ. ಪಾಲಿಕೆಯವ್ರು ಪುಕ್ಕಟ ಕೊಟ್ರ ನಮ್ಮಂಥವ್ರು ಎಲ್ಲಿಗೆ ಹೋಗೂಣ? ದೊಡ್ಡ ಕಂಪನಿ ಬಂದಾಗ ಅರ್ಧ ಗಿರಾಕಿ ಹೋದ್ರು.

ಇನ್ನೊಂದು, ಲೈನ್ ಕೊಡೂದು ದೊಡ್ಡದಲ್ಲ, ಇಡೂದು ದೊಡ್ಡದು. ಜಾಹೀರಾತಿನ್ಯಾಗ 399, ಮ್ಯಾಲ ಜಿಎಸ್‌ಟಿ 18% ಸೇರಿದ್ರ 471. ಬಡವ್ರ ಮನಿಯವ್ರು ಒಂದೆರಡು ತಿಂಗಳು ಕಟ್ತಾರ, ಆಮ್ಯಾಲ ಬಂದ್. ನಾ ಹೋಗಿ ಡಬ್ಬಿ ಬಿಚ್ಕೊಂಡ್ ಬರಬೇಕು, ಮನಸಿಗೆ ಭಾಳ ಕೆಟ್ಟ ಅನಸ್ತೈತಿ, ಮಕ್ಕಳು ನೋಡ್ತಾ ನಿಂತಿರ್ತಾವು. ಮತ್ತ ಜೆಸಿಬಿ! ನೀರಿನವ್ರು ಅಗೀತಾರ, ಗ್ಯಾಸಿನವ್ರು ಅಗೀತಾರ, ಒಳಚರಂಡಿಯವ್ರು ಅಗೀತಾರ, ಒಬ್ರಿಗೂ ಒಬ್ರ ಗೊತ್ತಿರೂದಿಲ್ಲ. ಒಂದ್ ಸಲ ಹರದ್ರ ಇಡೀ ಗಲ್ಲಿ ಬಂದ್, ಬೈಗಳ ನನಗ. ಮಂಗ್ಯಾ ಬ್ಯಾರೆ ಕಂಬದ ವೈರ್ ಹಿಡದ್ ಜೋತ ಬೀಳ್ತಾವು.

ವಡಗಾವಿ_ಮಾಸ್ತರ
@ಕೇಬಲ್_ಅಣ್ಣ ಒಂದ್ ಮಾತು ಕೇಳ್ತೀನ್ರಿ. ಪೈಪು, ಫೈಬರ್ ಪಾಲಿಕೇದು, ಮನಿಗೆ ಲೈನ್ ಕೊಡೂದು, ರಿಪೇರಿ, ವಸೂಲಿ ಎಲ್ಲಾ ನಿಮ್ಮಂಥವ್ರದು, ಬಿಪಿಎಲ್ ಮನಿ ಬಿಲ್ಲಿನ್ಯಾಗ ಅರ್ಧ ಸರ್ಕಾರ ನೇರ ನಿಮಗ ಕೊಟ್ರ?

ಕೇಬಲ್_ಅಣ್ಣ
ಕೊಟ್ರ ಕೈ ಮುಗದು ತಗೋತೀನಿ. ಕೊಡೂದು ಯಾವಾಗ ಅನ್ನೂದ ಪ್ರಶ್ನೆ. ಸರ್ಕಾರಿ ಬಿಲ್ಲು ಕೈಗೆ ಬರೂದ್ರಾಗ ಕೂದಲ ಬೆಳ್ಳಗಾಗ್ತಾವು.

ಸ್ಪ್ಲೈಸರ್_ಡಿಪ್ಲೊಮಾ
ಅಮೆರಿಕಾದಾಗ ಹಂಗ ಮಾಡಿದ್ರು. ಎಸಿಪಿ ಅಂತ ಯೋಜನಾ, ಬಡ ಕುಟುಂಬಕ್ಕ ತಿಂಗಳಿಗೆ 30 ಡಾಲರ್ ಇಂಟರ್ನೆಟ್ ಬಿಲ್ಲಿನ್ಯಾಗ ಕಡಿತ, 2.3 ಕೋಟಿ ಮನಿ ಸೇರಿದ್ವು. 2024ರ ಜೂನ್ ಹೊತ್ತಿಗೆ ರೊಕ್ಕ ಖಾಲಿ, ಸಂಸತ್ತು ಮತ್ತ ಕೊಡಲಿಲ್ಲ, ಯೋಜನಾ ಬಂದ್. ಇಲ್ಲಿ ನೋಡಬೇಕಾದ್ದು ಏನಂದ್ರ ಚಟನೂಗಾ ಮಕ್ಕಳ ಲೈನ್ ಬಂದ್ ಆಗಲಿಲ್ಲ, ಯಾಕಂದ್ರ ಅದು ಊರಿನದ ವೈರು, ಹತ್ತು ವರ್ಷದ ಕರಾರು ಮೊದಲ ಮಾಡ್ಕೊಂಡಿದ್ರು. ಬ್ಯಾರೆಯವ್ರ ವೈರಿಗೆ ಸಬ್ಸಿಡಿ ಕೊಟ್ರ ರೊಕ್ಕ ನಿಂತ ದಿನ ಲೈನೂ ನಿಲ್ಲತೈತಿ. ಅದಕ್ಕ ನಾ ಪೈಪು, ಫೈಬರ್ ಊರಿಂದಿರಲಿ ಅಂತ ಒಂದ ಹಠ ಹಿಡದೀನಿ.

ಫಲಾನುಭವಿ ಆರಿಸೂದ್ರಾಗೂ ಚಟನೂಗಾದವ್ರು ಶ್ಯಾಣ್ಯಾತನ ಮಾಡಿದ್ರು. ಸಾಲಿ ಊಟದಾಗ ರಿಯಾಯಿತಿ ಇರೋ ಮಕ್ಕಳ ಪಟ್ಟಿ ಮೊದಲ ಇತ್ತು, ಅದನ್ನ ಬಳಸಿದ್ರು, ಹೊಸಾ ಅರ್ಜಿ ಸರ್ಟಿಫಿಕೇಟು ಅಂತ ಮಂದೀನ ಅಲೆದಾಡಸಲಿಲ್ಲ. ನಮ್ಮಲ್ಲಿ ರೇಷನ್ ಕಾರ್ಡ್ ಐತಲ್ಲ.

ನಿವೃತ್ತ_ಕಾಕಾ_ಶಹಾಪುರ
ನಿಮ್ಮೆಲ್ಲಾರ ಮಾತು ಓದಿದೆ. 24 ತಾಸು ನೀರು ಬರ್ತೈತಿ ಅಂದಾಗ ಇದ ನಗಿ ಕೇಳಿದ್ದೆ ನಾ. "ವಾರಕ್ಕೊಮ್ಮೆ ಬರೂದಿಲ್ಲ, 24 ತಾಸು ಅಂತ" ಅಂತಿದ್ರು. 2008ರ ಸುಮಾರಿಗೆ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಒಳಗ ಕೆಲವು ವಾರ್ಡ್ ಆರಿಸಿ ಮಾಡಿ ತೋರಿಸಿದ್ರು, ದೇಶದ ಬ್ಯಾರೆ ಕಡೆಯಿಂದ ಎಂಜಿನಿಯರ್ ಮಂದಿ ನೋಡಾಕ ಬಂದ್ರು. ಮೀಟರ್ ಇತ್ತು, ಬಿಲ್ಲಿತ್ತು, ಮಂದಿ ಕಟ್ಟಿದ್ರು. ಉಳದ ವಾರ್ಡಿಗೆ ಬರಾಕ ಎಷ್ಟು ವರ್ಷ ಹತ್ತಿತು ಅನ್ನೂದು ಬ್ಯಾರೆ ಕಥಿ, ಅದನ್ನ ತಗದ್ರ ನನ್ನ ಬಿಪಿ ಏರತೈತಿ. ಆದ್ರ ಪಾಲಿಕೆ ಕೈಲೆ ಏನೂ ಆಗೂದಿಲ್ಲ ಅನಬ್ಯಾಡ್ರಿ. ಒಂದೆರಡು ವಾರ್ಡಿನ್ಯಾಗ ಮೊದಲ ಮಾಡಿ ನೋಡ್ಲಿ, ಬಡವ್ರು ಹೆಚ್ಚಿರೋ ವಾರ್ಡಿನ್ಯಾಗ. ಸ್ಮಾರ್ಟ್ ರೋಡಿನ ಬಾಜೂಕ ಮಾಡಿ ಫೋಟೋ ಹೊಡಕೊಳ್ಳೂದಲ್ಲ.

ಟಿಳಕವಾಡಿ_ಬಾಂಡ್
ಕಾಕಾ ನೀವು ಹೇಳಿದ್ರ ಒಪ್ಪಬೇಕು, ಆದ್ರ ನೀರ ಪೈಪು ಒಮ್ಮೆ ಹಾಕಿದ್ರ 30 ವರ್ಷ. ರೂಟರ್ ನಾಲ್ಕೈದು ವರ್ಷಕ್ಕ ಹಳೇದಾಗ್ತೈತಿ. ಯಾರು ಬದಲಿ ಮಾಡ್ತಾರ?

ಸ್ಪ್ಲೈಸರ್_ಡಿಪ್ಲೊಮಾ
ರೂಟರ್ ಹಳೇದಾಗ್ತೈತಿ, ಗಾಜಿನ ಎಳಿ ಆಗೂದಿಲ್ಲ. ಅದ ಎಳಿ ಮ್ಯಾಲ ಎರಡೂ ತುದಿ ಡಬ್ಬಿ ಬದಲಿ ಮಾಡಿದ್ರ ವೇಗ ಏರತೈತಿ, ಚಟನೂಗಾದಾಗ 2015ಕ್ಕ 10 ಗಿಗಾಬಿಟ್ ಮಾಡಿದ್ದು ಹಂಗ. ಅದಕ್ಕ ಎಳಿ, ಪೈಪು ಪಾಲಿಕೇದು, ಡಬ್ಬಿ ಕಂಪನೀದು.

ಬಿ.ಕಾಂ_ಮುಗಿಸಿದವ
ಇದೆಲ್ಲಾ ಆಗೂದ್ರಾಗ ನಮ್ಮ ವಯಸ್ಸು ಮೀರ್ತದ ಅಣ್ಣಾರ. ನಾ ವಿಜಯಪುರದಾಗ ಸ್ಪರ್ಧಾತ್ಮಕ ಪರೀಕ್ಷಾಕ್ಕ ಓದ್ಲಕತ್ತೀನಿ. ಸ್ಟೇಷನ್ನಿನ ವೈಫೈ ದಿನಕ್ಕ ಅರ್ಧ ತಾಸು ಪುಕ್ಕಟ, ಅಲ್ಲಿ ಹೋಗಿ ವಿಡಿಯೋ ಡೌನ್‌ಲೋಡ್ ಮಾಡ್ಕೊಂಡು ಬರ್ತೀವಿ ನಾವು ಗೆಳ್ಯಾರು. ಕೇರಳದ ಎರ್ನಾಕುಲಂ ಸ್ಟೇಷನ್ನಿನ ಕೂಲಿ ಒಬ್ರು ಹಿಂಗ ಸ್ಟೇಷನ್ ವೈಫೈದಾಗ ಪಾಠ ಕೇಳಿಕೋತ ಪಿಎಸ್‌ಸಿ ಲಿಖಿತ ಪರೀಕ್ಷಾ ಪಾಸ್ ಆಗಿದ್ರು 2018ರಾಗ. ನಮ್ಮ ಓಣಿ ಹಂತೇಕ ಹಂಗ ಏನರ ಇದ್ರ ಸಾಕಿತ್ತು. ಈಗಿಂದೀಗ ಆಗೂವಂಥದ್ದು ಏನರ ಹೇಳ್ರಿ.

ಸ್ಪ್ಲೈಸರ್_ಡಿಪ್ಲೊಮಾ
ಪಿಎಂ-ವಾಣಿ ನೋಡ್ರಿ. 2020ರ ಡಿಸೆಂಬರ್‌ನಾಗ ಬಂದ ಯೋಜನಾ. ಕಿರಾಣಿ ಅಂಗಡಿಯವ್ರು, ಚಾದಂಗಡಿಯವ್ರು ತಮ್ಮ ಫೈಬರ್ ಲೈನಿನ ವೈಫೈ 5-10 ರೂಪಾಯಿಗೆ ಮಾರಬಹುದು, ಅಂಗಡಿಯವ್ರಿಗೆ ಲೈಸೆನ್ಸೂ ಬ್ಯಾಡ, ಫೀಯೂ ಇಲ್ಲ. ಲಾಗಿನ್ನು, ಲೆಕ್ಕ ಎಲ್ಲಾ ಮ್ಯಾಲಿನ ಅಗ್ರಿಗೇಟರ್ ಕಂಪನಿ ನೋಡ್ಕೋತೈತಿ. ಮೊದಲ ಇದು ಏಳಲಿಲ್ಲ, ಕಾರಣ ಇಂಟರ್ನೆಟ್ ಕಂಪನಿಯವ್ರು ಅಂಗಡಿಗೆ ದುಬಾರಿ ಲೀಸ್ ಲೈನ್ (ದೊಡ್ಡ ಆಫೀಸಿಗೆ ಕೊಡೋ ಪ್ರತ್ಯೇಕ ಲೈನ್) ತಗೋ ಅಂತಿದ್ರು. 2025ರಾಗ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮ ಮಾಡೈತಿ, 200 ಎಂಬಿಪಿಎಸ್ ತನಕ ಮನಿ ಪ್ಲ್ಯಾನಿನ ಎರಡು ಪಟ್ಟಿಗಿಂತ ಹೆಚ್ಚು ತಗೊಳ್ಳಂಗಿಲ್ಲ. ಈಗ ಲೆಕ್ಕ ಕೂಡತೈತಿ.

ಮಲೆನಾಡ್_ಟು_ಬೆಂಗಳೂರು
ಇದು ಒಳ್ಳೆ ಐಡಿಯಾ. ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿ ಲೈಬ್ರರಿ, ಅರಿವು ಕೇಂದ್ರ ಅಂತಾರಲ್ಲ, ಅಲ್ಲಿ ಕಂಪ್ಯೂಟರ್ ಇಟ್ಟಿದ್ದಾರೆ. ಸಿಟಿ ವಾರ್ಡ್‌ಗಳಲ್ಲಿ ಅಂಥದ್ದು ಕಾಣ್ಸಲ್ಲ. ಸ್ಲಮ್ಮಿನ ಹುಡುಗರು ಎಲ್ಲಿ ಕೂತು ಓದ್ಬೇಕು? ಲೈನ್ ಕೊಟ್ರೆ ಸಾಲಲ್ಲ, ಕೂರೋಕೆ ಜಾಗ, ದೊಡ್ಡ ಸ್ಕ್ರೀನು ಬೇಕು. 2017-18ರ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ) ಸಮೀಕ್ಷೇಲಿ ದೇಶದ 100 ಮನೇಲಿ ಕಂಪ್ಯೂಟರ್ ಇದ್ದಿದ್ದು 11ರ ಹತ್ರ ಮಾತ್ರ. ಆರು ಇಂಚಿನ ಪರದೆ ಮೇಲೆ ಎಷ್ಟಂತ ಓದ್ತಾರೆ.

ಗುಮ್ಮಟನಗರಿ
ಸುಪ್ರೀಂ ಕೋರ್ಟೂ 2025ರ ಏಪ್ರಿಲ್‌ನಾಗ ಹೇಳ್ಯದಲ್ಲ, ಡಿಜಿಟಲ್ ಸೌಲಭ್ಯ ಸಿಗೂದು 21ನೇ ವಿಧಿಯ ಬದುಕಿನ ಹಕ್ಕಿನ್ಯಾಗ ಬರ್ತದ ಅಂತ. ಆಸಿಡ್ ದಾಳಿಗೆ ಒಳಗಾದವ್ರು, ಕೆವೈಸಿ ಅಂದ್ರ ಗುರುತು ಖಾತ್ರಿ ಮಾಡುವಾಗ ಫೋನಿನ ಮುಂದ ಕಣ್ಣು ಮಿಟುಕಿಸಬೇಕು ಅನ್ನೂದ್ರ ಬಗ್ಗೆ ಹಾಕಿದ ಕೇಸದು. ಅದನ್ನ ಹಿಡದು ಅರ್ಜಿ ಕೊಡಬಹುದು.

ಖಾಸಬಾಗ_ನೇಕಾರ
ನೋಡ್ರಿ, ಮುಂಜಾನಿ ರೋಡು, ನೀರು ಅಂತಿದ್ದ ಅಣ್ಣಾರು ಈಗ ಸುಪ್ರೀಂ ಕೋರ್ಟಿಗೆ ಹೋಗ್ಯಾರ

ಗುಮ್ಮಟನಗರಿ
ರೋಡೂ ಬೇಕು ತಮ್ಮಾ, ಬ್ಯಾಡ ಅಂದಿಲ್ಲ ನಾ.

ವಡಗಾವಿ_ಮಾಸ್ತರ
ಹಂಗಾರ ಅರ್ಜಿ ಒಳಗ ಮೂರ ಮಾತು ಬರೀತೀನಿ. ಇನ್ನ ಮುಂದ ಯಾವ ರೋಡ್ ಅಗದ್ರೂ ಮುಚ್ಚೂಕಿಂತ ಮೊದಲ ಪಾಲಿಕೆಯ ಖಾಲಿ ಪೈಪ್ ಹುಗೀಬೇಕು. ಒಂದು ನೇಕಾರರ ವಾರ್ಡ್ ಆರಿಸಿ ರೇಷನ್ ಕಾರ್ಡಿನ ಲೆಕ್ಕದ ಮ್ಯಾಲ ಮಕ್ಕಳಿರೋ ಮನಿಗೆ ಲೈನ್ ಕೊಡಬೇಕು, ನಡಸೂದು ಓಣಿ ಕೇಬಲ್‌ನವ್ರ ಕೈಯಾಗ. ವಾರ್ಡಿಗೊಂದು ಓದೂ ಖೋಲಿ. ಪುಕ್ಕಟ ಅಂತ ಬರಿಯೂದಿಲ್ಲ, 100 ರೂಪಾಯಿ ಅಂತ ಬರೀತೀನಿ, ವಾರಕ್ಕ 25ರಂಗ ಬಟವಾಡಿ ದಿನ ಕಟ್ಟೂವಂಗ. ಯಾರ್ ಯಾರ್ ಸಹಿ ಮಾಡ್ತೀರಿ?

ಇಲಕಲ್ಲ_ಅಕ್ಕ
ನಾ ಬ್ಯಾರೆ ಜಿಲ್ಲಾ, ಆದ್ರೂ ಹಾಕ್ಕೋರಿ. ಲೈನು ಮನ್ಯಾಗಿನ ಹೆಣ್ಣುಮಗಳ ಹೆಸರಿಗೆ ಇರಬೇಕು ಅಂತ ಸೇರಸ್ರಿ, ರೇಷನ್ ಕಾರ್ಡಿನ್ಯಾಗ ಯಜಮಾನಿ ಅಕೀನ ಇರ್ತಾಳ.

ನಿವೃತ್ತ_ಕಾಕಾ_ಶಹಾಪುರ
ಅರ್ಜಿ ನನಗ ಒಮ್ಮೆ ತೋರಿಸಿ ಕೊಡ್ರಿ ಮಾಸ್ತರ್, ಸರ್ಕಾರಿ ಭಾಷಾದಾಗ ಬರೀಬೇಕು. ಬಜೆಟ್ ಪೂರ್ವಭಾವಿ ಸಭಾದಾಗ ಕೊಟ್ರ ಕೆಲಸ ಆಗತೈತಿ, ಬಜೆಟ್ ಮುಗದ ಮ್ಯಾಲ ಕೊಟ್ರ ಫೈಲಿನ್ಯಾಗ ಕುಂದ್ರತೈತಿ. ಒಂದು ಪ್ರತಿ ಸ್ವೀಕೃತಿ ಶಿಕ್ಕಾ ಹಾಕಿಸ್ಕೊಂಡು ನಿಮ್ಮ ಹಂತೇಕ ಇಟ್ಕೋರಿ, ಮರೀಬ್ಯಾಡ್ರಿ.

ಕೇಬಲ್_ಅಣ್ಣ
ನಾನೂ ಸಹಿ ಹಾಕ್ತೀನಿ, ಆದ್ರ ಒಂದ್ ಕರಾರು. ಪೈಪಿನ ಬಾಡಿಗಿ ಮೀಟರಿಗೆ ಎಷ್ಟು ಅಂತ ಮೊದಲ ಬರಸ್ರಿ, ಮತ್ತ ಜೆಸಿಬಿಯವ್ರು ಹರದ್ರ ದಂಡ ಯಾರು ಕೊಡ್ತಾರ ಅನ್ನೂದೂ ಬರಸ್ರಿ. ಅದು ಇಲ್ಲಂದ್ರ ನಾ ಇಲ್ಲ.